ದಾರ ಕತ್ತರಿಸಬೇಡಿ!

ನಾನು ಏಳನೆಯ ತರಗತಿಯಲ್ಲಿದ್ದಾಗಿನ ಮಾತು. ನಮ್ಮೂರ ಕೆರೆಯ ತೂಬಿನ ಬಳಿ ಚಿಕ್ಕಪ್ಪ ಗಾಳ ಹಾಕಿ ಕೂತಿದ್ದರು. ಎರೆಹುಳು ತುಂಬಿದ ಕರಟ ಹಿಡಿದು ನಾನು ಪಕ್ಕದಲ್ಲಿದ್ದೆ. ದಾರ ಜಗ್ಗಿತು. ದೊಡ್ಡ ಮೀನೇ ಇರಬೇಕೆಂದು ಎಳೆದರೆ ಮೇಲೆದ್ದದ್ದು ಒಂದು ನೀರುಕಾಗೆ! ಗಾಳಕ್ಕೆ ಬಿದ್ದಿದ್ದ ಪುಟ್ಟ ಮೀನನ್ನು ಅದು ಹಿಡಿಯಹೋಗಿತ್ತು. ಕೊಕ್ಕೆ ಅದರ ಬಾಯಿಯ ಮೂಲೆಯಲ್ಲಿ ನಾಟಿತ್ತು. ರೆಕ್ಕೆ ಬಡಿಯುತ್ತಾ, ನೀರು ಚಿಮ್ಮಿಸುತ್ತಾ ಒದ್ದಾಡುತ್ತಿತ್ತು. ಚಿಕ್ಕಪ್ಪನದು ಹೆಂಗರುಳು. ‘ಪಾಪ, ಬದುಕಿಕೊಳ್ಳಲಿ’ ಎಂದು ಸೊಂಟದ ಚೂರಿ ತೆಗೆದು ದಾರವನ್ನು ಕತ್ತರಿಸಿಬಿಟ್ಟರು. ಎರಡು ಮೂರು ಮಾರು ಹಸಿರು ನೈಲಾನ್ ದಾರವನ್ನು ಬಾಲದಂತೆ ಎಳೆದುಕೊಂಡು ಹಕ್ಕಿ ಹಾರಿಹೋಯಿತು. ನಾನು ಚಪ್ಪಾಳೆ ತಟ್ಟಿದೆ.

ನಾಲ್ಕೈದು ದಿನ ಕಳೆದಿರಬಹುದು. ಕೆರೆಯ ಅಂಗಳದ ಜಾಲಿ ಮರದಲ್ಲಿ ಏನೋ ಕಪ್ಪಗೆ ತೂಗಾಡುತ್ತಿತ್ತು. ಹತ್ತಿರ ಹೋಗಿ ನೋಡಿದೆವು. ಅದೇ ನೀರುಕಾಗೆ, ತಲೆಕೆಳಗಾಗಿ. ಹಸಿರು ದಾರ ರೆಕ್ಕೆಗೂ ಕೊಂಬೆಗೂ ಸುತ್ತಿಕೊಂಡಿತ್ತು. ಚಿಕ್ಕಪ್ಪ ಮಾತನಾಡಲಿಲ್ಲ. ಆ ಬೇಸಿಗೆಯೆಲ್ಲ ಅವರು ಗಾಳ ಮುಟ್ಟಲಿಲ್ಲ.

ಈ ಘಟನೆ ನನಗೆ ಮರೆತೇ ಹೋಗಿತ್ತು. ನೆನಪಾದದ್ದು 2023ರ ಡಿಸೆಂಬರಿನಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ. ತಂಗಿಯ ಮಗ ಟ್ಯಾಂಪಾ ನಗರದಲ್ಲಿ ಕೆಲಸದಲ್ಲಿದ್ದಾನೆ. ಬಹಳ ಕರೆದನೆಂದು ಗಳಿಕೆ ರಜೆ ಹಾಕಿ ಹೋಗಿದ್ದೆ. ಅವನಿಗೆ ಗಾಳದ ಹುಚ್ಚು (ಅದು ನಮ್ಮ ಮನೆತನದ ಕಾಯಿಲೆ ಎಂದು ಕಾಣುತ್ತದೆ). ಒಂದು ಮುಂಜಾನೆ ನನ್ನನ್ನು ‘ಸ್ಕೈವೇ’ ಎಂಬ ಜಾಗಕ್ಕೆ ಕರೆದೊಯ್ದ.

ಮುರಿದ ಸೇತುವೆಯ ಮೇಲೆ

ಟ್ಯಾಂಪಾ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಹಿಂದೆ ಒಂದು ಸೇತುವೆಯಿತ್ತು. 1980ರ ಮೇ 9ರಂದು, ಬಿರುಗಾಳಿ ಮಳೆಯಲ್ಲಿ ದಾರಿ ಕಾಣದೆ ಒಂದು ಸರಕು ಹಡಗು ಅದರ ಕಂಬಕ್ಕೆ ಡಿಕ್ಕಿ ಹೊಡೆಯಿತು. ಸೇತುವೆಯ ನಡುಭಾಗ ಕುಸಿದು ಬಸ್ಸು ಕಾರುಗಳು ಸಮುದ್ರಕ್ಕೆ ಬಿದ್ದವು. 35 ಮಂದಿ ಸತ್ತರು. 1987ರಲ್ಲಿ ಪಕ್ಕದಲ್ಲೇ ಹೊಸ ಸೇತುವೆ ಬಂತು. ಹಳೆಯದರ ಉಳಿದ ಎರಡು ತುದಿಗಳನ್ನು ಕೆಡವಿ ಹಾಕುವ ಬದಲು ಗಾಳ ಹಾಕುವವರಿಗೆ ಬಿಟ್ಟುಕೊಟ್ಟರು. ಕಾರನ್ನು ಸೇತುವೆಯ ಮೇಲೆಯೇ ಓಡಿಸಿಕೊಂಡು ಹೋಗಿ, ಪಕ್ಕದಲ್ಲಿ ನಿಲ್ಲಿಸಿ, ಹಗಲೂ ರಾತ್ರಿ ಮೀನು ಹಿಡಿಯಬಹುದು. ದಕ್ಷಿಣದ ತುಂಡೊಂದೇ ಒಂದು ಮೈಲಿಗಿಂತ ಉದ್ದ.

ಮೀನಿದ್ದಲ್ಲಿ ಹಕ್ಕಿ ಇರಲೇಬೇಕಲ್ಲ. ಕಂದು ಹೆಜ್ಜಾರ್ಲೆಗಳು ಅಲ್ಲಿ ಕಟ್ಟೆಯ ಮೇಲೆ ಸಾಲಾಗಿ, ಪಡಿತರ ಅಂಗಡಿಯ ಮುಂದೆ ಕಾದವರಂತೆ ಕೂತಿರುತ್ತವೆ. ಚಳಿಗಾಲದಲ್ಲಿ ಅವುಗಳ ಸಂಖ್ಯೆ ಇನ್ನೂ ಹೆಚ್ಚು. ಇವು ನಮ್ಮ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಗಳ ದಾಯಾದಿಗಳು. ಆದರೆ ಬೇಟೆಯ ರೀತಿ ಬೇರೆ. ನಮ್ಮವು ನೀರಿನ ಮೇಲೆ ಈಜುತ್ತಾ ಚೀಲದಂಥ ಕೊಕ್ಕಿನಿಂದ ಮೀನನ್ನು ಮೊಗೆಯುತ್ತವೆ. ಅವು ಹತ್ತು ಹದಿನೈದು ಮೀಟರ್ ಎತ್ತರದಿಂದ ರೆಕ್ಕೆ ಮಡಿಸಿ ನೀರಿಗೆ ಧುಮುಕುತ್ತವೆ. ನೀರಿಗೆ ಅಪ್ಪಳಿಸುವ ಪೆಟ್ಟು ತಾಗದಂತೆ ಅವುಗಳ ಚರ್ಮದ ಕೆಳಗೆ ಗಾಳಿಯ ಚೀಲಗಳಿವೆ. ಅಷ್ಟು ಮೇಲಿನಿಂದ ಕಾಣುವುದು ಹೊಳೆಯುವ ಮೀನು ಮಾತ್ರ. ಅದಕ್ಕೆ ಕಟ್ಟಿದ ಬಣ್ಣವಿಲ್ಲದ ದಾರವಾಗಲಿ, ಒಳಗಿನ ಕೊಕ್ಕೆಯಾಗಲಿ ಕಾಣುವುದಿಲ್ಲ.

ನಾವು ಹೋಗಿ ಅರ್ಧ ಗಂಟೆಯಾಗಿತ್ತು. ನಮ್ಮಿಂದ ಹತ್ತು ಮಾರು ಆಚೆ ಒಬ್ಬ ಹುಡುಗ ಮೀನನ್ನು ಮೇಲಕ್ಕೆಳೆಯುತ್ತಿದ್ದ. ಮೀನು ನೀರು ಬಿಟ್ಟು ಗಾಳಿಗೆ ಬಂದದ್ದೇ ತಡ, ಹೆಜ್ಜಾರ್ಲೆಯೊಂದು ಬಂದು ನುಂಗಿಯೇಬಿಟ್ಟಿತು. ಗಾಳದ ಕೋಲು ಬಿಲ್ಲಿನಂತೆ ಬಾಗಿತು. ಹಕ್ಕಿ ನೀರಿನಲ್ಲಿ ಬಿದ್ದು ಒದ್ದಾಡತೊಡಗಿತು. ಹುಡುಗ ಗಾಬರಿಯಾಗಿ ಜೇಬಿನಿಂದ ಚಾಕು ತೆಗೆದ. ಅಷ್ಟರಲ್ಲಿ ಪಕ್ಕದಿಂದ ಒಬ್ಬ ಮುದುಕರು, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು, ಜೋರಾಗಿ ಕೂಗಿಕೊಂಡರು: ‘ದಾರ ಕತ್ತರಿಸಬೇಡ!’

ಕೂಗಿಗೆ ಬೆಚ್ಚಿದವನು ಆ ಹುಡುಗ ಮಾತ್ರವಲ್ಲ. ನಲವತ್ತು ವರ್ಷ ಹಿಂದಿನ ಜಾಲಿ ಮರ ನನ್ನ ಕಣ್ಣ ಮುಂದೆ ಬಂದು ನಿಂತಿತು.

ಮುಂದಿನದು ಐದೇ ನಿಮಿಷದ ಕೆಲಸ. ಹುಡುಗ ದಾರವನ್ನು ಸಡಿಲವಾಗದಂತೆ, ಆದರೆ ಜಗ್ಗದಂತೆ, ನಿಧಾನವಾಗಿ ರಾಟೆಗೆ ಸುತ್ತುತ್ತಾ ಹಕ್ಕಿಯನ್ನು ಕಟ್ಟೆಯ ಬುಡಕ್ಕೆ ತಂದ. ಮುದುಕರು ಬಳೆಯಾಕಾರದ ದೊಡ್ಡ ಬಲೆಯೊಂದನ್ನು ಹಗ್ಗದಲ್ಲಿ ಇಳಿಬಿಟ್ಟು, ಹಕ್ಕಿಯನ್ನು ಅದರೊಳಗೆ ಬರಮಾಡಿಕೊಂಡು, ಬಾವಿಯಿಂದ ಕೊಡ ಸೇದುವಂತೆ ಮೇಲೆತ್ತಿದರು. ದಾರ ಹಿಡಿದು ಎತ್ತಿದ್ದರೆ ಹಕ್ಕಿಯ ಪೂರ್ತಿ ಭಾರ ಆ ಗಾಯದ ಮೇಲೆಯೇ ಬೀಳುತ್ತಿತ್ತು. ಮೇಲೆ ಬಂದ ಕೂಡಲೇ ಅದರ ತಲೆಯ ಮೇಲೆ ಟವೆಲ್ಲು ಹಾಕಿದರು. ಸೋಜಿಗವೆಂದರೆ ಅಷ್ಟು ಹೊತ್ತು ಕುಸ್ತಿ ಮಾಡುತ್ತಿದ್ದ ಹಕ್ಕಿ ಕತ್ತಲಾದೊಡನೆ ತಣ್ಣಗಾಯಿತು. ಮುದುಕರು ರೆಕ್ಕೆಗಳನ್ನು ಮಡಿಸಿ ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ಕೊಕ್ಕನ್ನು ಹಿಡಿದರು. ಪೂರ್ತಿ ಮುಚ್ಚಲಿಲ್ಲ, ನಡುವೆ ಒಂದು ಬೆರಳು ತೂರಿಸಿಕೊಂಡಿದ್ದರು. ಯಾಕೆಂದು ಕೇಳಿದೆ. ಹೆಜ್ಜಾರ್ಲೆಯ ಮೂಗಿನ ಹೊಳ್ಳೆಗಳು ಹೊರಗಡೆಯಿಂದ ಮುಚ್ಚಿಹೋಗಿರುತ್ತವಂತೆ, ಅದು ಬಾಯಿಂದಲೇ ಉಸಿರಾಡಬೇಕಂತೆ. ಕೊಕ್ಕನ್ನು ಬಿಗಿಯಾಗಿ ಹಿಡಿದರೆ ನಾವೇ ಅದರ ಕತ್ತು ಹಿಸುಕಿದಂತೆ. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದ ನನಗೆ ಇದು ಗೊತ್ತಿರಲಿಲ್ಲ. ಗಾಳ ಹಾಕುವ ಒಬ್ಬ ಮನುಷ್ಯರಿಂದ ಕಲಿತೆ.

ಕೊಕ್ಕೆ ಚೀಲದ ಅಂಚಿನಲ್ಲಿ ನಾಟಿತ್ತು. ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಲಿಲ್ಲ. ಇನ್ನೂ ಸ್ವಲ್ಪ ಮುಂದಕ್ಕೇ ತಳ್ಳಿ, ತುದಿ ಆಚೆ ಕಂಡೊಡನೆ ಇಕ್ಕಳದಿಂದ ಕತ್ತರಿಸಿ ಹಾಕಿದರು. ಉಳಿದ ಬೋಳು ತಂತಿ ಸಲೀಸಾಗಿ ಹೊರಬಂತು. ಆಮೇಲೆ ಅವರು ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು. ಮುಗಿಯಿತೆಂದು ಬಿಟ್ಟುಬಿಡದೆ ಹಕ್ಕಿಯ ಕಾಲು, ರೆಕ್ಕೆಯ ಸಂದು, ಕತ್ತು ಎಲ್ಲವನ್ನೂ ಬೆರಳಾಡಿಸಿ ನೋಡಿದರು. ಎಡಗಾಲಿಗೆ ಇನ್ನೊಂದು ಹಳೆಯ ದಾರ, ಯಾರದೋ, ಯಾವಾಗಿನದೋ, ಬಿಗಿದು ಚರ್ಮದೊಳಗೆ ಇಳಿದಿತ್ತು. ಅದನ್ನೂ ಬಿಡಿಸಿದರು. ಟವೆಲ್ಲು ತೆಗೆದಾಗ ಹೆಜ್ಜಾರ್ಲೆ ಒಮ್ಮೆ ಮೈ ಕೊಡವಿ, ಹಾರಿಹೋಗಿ, ಮತ್ತೆ ಕಟ್ಟೆಯ ಆ ತುದಿಯಲ್ಲಿ ಹಾಜರಿ ಹಾಕಿತು! ಬುದ್ಧಿ ಬರಲಿಲ್ಲವೆಂದು ನಗಬಹುದು. ಹಸಿದವರಿಗೆ ಬುದ್ಧಿ ಹೇಳುವುದು ಸುಲಭ.

ಬಾಳೆಕಾಯಿಯ ಪ್ರಯೋಗ

ಕೊಕ್ಕೆಯನ್ನು ಹಿಂದಕ್ಕೆ ಎಳೆಯಬಾರದು ಏಕೆ? ಊರಿಗೆ ಬಂದ ಮೇಲೆ ಒಂಬತ್ತನೆಯ ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದೆ. ಗಾಳದ ಕೊಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ. ಮೊನೆಯ ಸ್ವಲ್ಪ ಕೆಳಗೆ, ಹಿಂದಕ್ಕೆ ಮುಖ ಮಾಡಿದ ಇನ್ನೊಂದು ಚಿಕ್ಕ ಮುಳ್ಳಿರುತ್ತದೆ. ಇದನ್ನು ಹಿಮ್ಮುಳ್ಳು ಎನ್ನೋಣ. ಒಳಗೆ ಹೋಗುವಾಗ ಅದು ಜಾರಿಕೊಂಡು ಹೋಗುತ್ತದೆ, ಹೊರಗೆ ಬರುವಾಗ ಸಿಕ್ಕಿಕೊಳ್ಳುತ್ತದೆ. ಒಂದು ಹಸಿ ಬಾಳೆಕಾಯಿಯ ಸಿಪ್ಪೆಗೆ ಕೊಕ್ಕೆ ಚುಚ್ಚಿ ಹಿಂದಕ್ಕೆ ಎಳೆದೆ. ಸಿಪ್ಪೆ ಹರಿದು ತಿರುಳೇ ಕಿತ್ತುಬಂತು. ಇನ್ನೊಂದಕ್ಕೆ ಚುಚ್ಚಿ, ಮುಂದಕ್ಕೆ ತಳ್ಳಿ, ಹಿಮ್ಮುಳ್ಳಿನ ತಲೆ ಕತ್ತರಿಸಿ ಹಿಂತೆಗೆದೆ. ಎರಡು ಸಣ್ಣ ತೂತುಗಳು ಮಾತ್ರ ಉಳಿದವು. ಪಠ್ಯಪುಸ್ತಕದಲ್ಲಿ ಇಲ್ಲದ ಈ ಪ್ರಯೋಗವನ್ನು ಮಕ್ಕಳು ಮೂರು ಸಲ ಮಾಡಿಸಿದರು. ಕೊಕ್ಕೆಯನ್ನು ನಾನೇ ಹಿಡಿದಿದ್ದೆನೆಂದು ತಂದೆತಾಯಿಗಳಿಗೆ ಹೇಳಿಬಿಡುತ್ತೇನೆ!

ಇನ್ನು ದಾರದ ಮಾತು. ನಮ್ಮ ಅಜ್ಜಂದಿರು ಹತ್ತಿಯ ಹುರಿ ಬಳಸುತ್ತಿದ್ದರು. ನೀರಿನಲ್ಲಿ ಬಿದ್ದರೆ ಕೆಲವು ತಿಂಗಳಲ್ಲಿ ಅದು ಕೊಳೆತು ಹೋಗುತ್ತಿತ್ತು. ನೈಲಾನ್ ಬಂದದ್ದು 1938ರಲ್ಲಿ. ಅದು ಗಟ್ಟಿ, ತೆಳು, ಕಣ್ಣಿಗೆ ಕಾಣದು, ಕೊಳೆಯದು. ಗಾಳಗಾರನಿಗೆ ಅದರ ಯಾವ ಗುಣ ವರವೋ ಹಕ್ಕಿಗೆ ಅದೇ ಶಾಪ. ದಾರ ಕತ್ತರಿಸಿದಾಗ ನಾವು ಹಕ್ಕಿಯನ್ನು ನಮ್ಮ ಕೋಲಿನಿಂದ ಬಿಡಿಸುತ್ತೇವೆ, ದಾರದಿಂದಲ್ಲ. ಆ ಮೂರು ಮಾರು ದಾರ ಹಾರುವಾಗ ರೆಕ್ಕೆಗೆ ಸುತ್ತುತ್ತದೆ, ಇಲ್ಲವೇ ಕಾಲಿಗೆ ಬಿಗಿದು ರಕ್ತ ಹರಿಯದಂತೆ ಮಾಡುತ್ತದೆ. ಸಂಜೆ ಹಕ್ಕಿ ಕೂರುವುದು ಮರದಲ್ಲಿ. ಫ್ಲಾರಿಡಾದಲ್ಲಿ ಅದು ಕಾಂಡ್ಲಾ ಕಾಡು, ನಮ್ಮಲ್ಲಿ ಜಾಲಿ. ಬೆಳಿಗ್ಗೆ ಹಾರಲು ಹೋದರೆ ಕೊಂಬೆ ಹಿಡಿದುಕೊಂಡಿರುತ್ತದೆ. ಅಲ್ಲೇ ತೂಗುತ್ತಾ ಹಸಿವು ನೀರಡಿಕೆಯಿಂದ ಸಾಯಬೇಕು. ಅದೇ ದಾರಕ್ಕೆ ಮರುದಿನ ಮತ್ತೊಂದು ಹಕ್ಕಿ ಸಿಕ್ಕಿಕೊಳ್ಳಬಹುದು. ಒಂದು ಗಾಳದಿಂದ ಎಷ್ಟು ಸಾವು ಎಂದು ಲೆಕ್ಕ ಇಡುವವರಾರು?

ಆದ್ದರಿಂದಲೇ ಫ್ಲಾರಿಡಾದ ವನ್ಯಜೀವಿ ಇಲಾಖೆಯವರು ಗಾಳಗಾರರಿಗೆ ಮೂರು ಮಾತಿನ ಪಾಠ ಹೇಳಿಕೊಡುತ್ತಾರೆ: ಎಳೆದುಕೋ, ಕೊಕ್ಕೆ ತೆಗೆ, ಹಾರಲು ಬಿಡು. ಕೊಕ್ಕೆ ಗಂಟಲಿನೊಳಗೆ ಇಳಿದಿದ್ದರೆ ಮಾತ್ರ ತಾವೇ ಕೈ ಹಾಕದೆ ಹಕ್ಕಿಗಳ ಆರೈಕೆ ಕೇಂದ್ರಕ್ಕೆ ಒಯ್ಯಬೇಕು. ಸ್ಕೈವೇ ಕಟ್ಟೆಯಲ್ಲಿ ಹಕ್ಕಿಗಳು ಸಿಕ್ಕಿಬೀಳುವುದು ವಿಪರೀತವಾಗಿ, ದೊಡ್ಡ ಗಲಾಟೆಯೇ ಆಗಿ, 2023ರ ಅಕ್ಟೋಬರಿನಿಂದ ಅಲ್ಲಿಗೆಂದೇ ನಿಯಮಗಳು ಬಂದವು. ಗಾಳ ಹಾಕುವವರು ವರ್ಷಕ್ಕೊಮ್ಮೆ ಒಂದು ಪಾಠ ಓದಿಕೊಳ್ಳಬೇಕು. ಒಬ್ಬರಿಗೆ ಎರಡೇ ಗಾಳ. ಹಕ್ಕಿಗಳು ಹೆಚ್ಚಿರುವ ನವೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ ದಕ್ಷಿಣದ ಕಟ್ಟೆಯಲ್ಲಿ ಹಲವು ಕೊಕ್ಕೆಗಳ ಸರ ಹಾಕುವುದಕ್ಕೆ ತಡೆ. ಒಂದೇ ದಾರಕ್ಕೆ ಆರೇಳು ಚಿಕ್ಕ ಕೊಕ್ಕೆ ಕಟ್ಟಿ ಎರೆಮೀನು ಹಿಡಿಯುವ ಆ ಸರ ಹೆಜ್ಜಾರ್ಲೆಗೆ ಬಲೆಯೇ ಸರಿ. ಒಂದು ಕೊಕ್ಕೆ ಬಾಯಿಗೆ ಚುಚ್ಚಿದರೆ ಉಳಿದವು ರೆಕ್ಕೆಗೆ, ಚೀಲಕ್ಕೆ ಚುಚ್ಚಿಕೊಳ್ಳುತ್ತವೆ. ನನ್ನ ಸೋದರಳಿಯನೂ ಪಾಠ ಓದಿಯೇ ಬಂದಿದ್ದ. ಗಾಳಗಾರರಲ್ಲಿ ಕೆಲವರು ಈ ನಿಯಮಗಳಿಗೆ ಗೊಣಗುತ್ತಾರೆ. ಅದೂ ಸಹಜವೇ. ಆದರೆ ಬಲೆ, ಟವೆಲ್ಲು, ಇಕ್ಕಳಗಳನ್ನು ಮನೆಯಿಂದ ಹೊತ್ತು ತಂದವರೂ ಗಾಳಗಾರರೇ.

ನಾನೂರು ಮರಿಗಳು

ಇದನ್ನು ಹೇಳಲು ಕಾರಣವಿದೆ. ಅದೇ ಫ್ಲಾರಿಡಾದಲ್ಲಿ ಮೀನುಗಾರ ಮತ್ತು ಹೆಜ್ಜಾರ್ಲೆಯ ಸಂಬಂಧ ಯಾವಾಗಲೂ ಹೀಗಿರಲಿಲ್ಲ. ಪೂರ್ವ ಕರಾವಳಿಯಲ್ಲಿ ‘ಪೆಲಿಕನ್ ಐಲೆಂಡ್’ ಎಂಬ ಪುಟ್ಟ ನಡುಗಡ್ಡೆಯಿದೆ. ಹಕ್ಕಿಗಳ ಗರಿಯನ್ನು ಹ್ಯಾಟಿಗೆ ಸಿಕ್ಕಿಸಿಕೊಳ್ಳುವ ಶೋಕಿಗಾಗಿ ಬೇಟೆ ನಡೆಯುತ್ತಿದ್ದ ಕಾಲದಲ್ಲಿ, 1903ರ ಮಾರ್ಚ್ 14ರಂದು, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ಹಕ್ಕಿಗಳಿಗೆ ಮೀಸಲೆಂದು ಘೋಷಿಸಿದರು. ಅಮೆರಿಕದ ರಾಷ್ಟ್ರೀಯ ವನ್ಯಜೀವಿ ಧಾಮಗಳಲ್ಲಿ ಅದೇ ಮೊದಲನೆಯದು. ಪಾಲ್ ಕ್ರೋಗೆಲ್ ಎಂಬವರು ದೋಣಿಯಲ್ಲಿ ಹೋಗಿ ಅದನ್ನು ಕಾಯುತ್ತಿದ್ದರು. ಮೊದಲ ಮಹಾಯುದ್ಧ ಬಂತು, ಆಹಾರಕ್ಕೆ ಅಭಾವವಾಯಿತು. ನಮ್ಮ ಮೀನನ್ನೆಲ್ಲ ಹೆಜ್ಜಾರ್ಲೆಗಳೇ ತಿಂದು ಮುಗಿಸುತ್ತವೆ ಎಂದು ಮೀನುಗಾರರು ದೂರಿದರು. 1918ರಲ್ಲಿ ಆ ನಡುಗಡ್ಡೆಯಲ್ಲಿ ಇನ್ನೂ ಹಾರಲು ಬಾರದ ನಾನೂರಕ್ಕೂ ಹೆಚ್ಚು ಮರಿಗಳು ದೊಣ್ಣೆಯ ಪೆಟ್ಟಿಗೆ ಸತ್ತು ಬಿದ್ದಿದ್ದವು. ಹಕ್ಕಿಗಳ ಆಹಾರವನ್ನು ಪರೀಕ್ಷಿಸಿ ನೋಡಿದಾಗ ಅವು ತಿನ್ನುತ್ತಿದ್ದದ್ದರಲ್ಲಿ ಬಹುಪಾಲು ಮಾರುಕಟ್ಟೆಗೆ ಬಾರದ ಸಣ್ಣ ಮೀನು!

ಅದಾದ ಮೇಲೆ ಡಿಡಿಟಿಯ ಸರದಿ. ಹೆಜ್ಜಾರ್ಲೆ ಕೋಳಿಯಂತೆ ಎದೆಯ ಬಿಸಿಯಿಂದ ಕಾವು ಕೊಡುವುದಿಲ್ಲ. ತನ್ನ ಅಗಲವಾದ ಜಾಲಪಾದಗಳನ್ನು ಮೊಟ್ಟೆಯ ಮೇಲಿಟ್ಟು ಕಾವು ಕೊಡುತ್ತದೆ. ಮೀನಿನ ಮೂಲಕ ಒಳಹೊಕ್ಕ ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳುವಾಯಿತು. ತಾಯಿಯ ಕಾಲಿನಡಿಯಲ್ಲೇ ಮೊಟ್ಟೆ ಒಡೆಯತೊಡಗಿತು. ಲೂಸಿಯಾನಾಕ್ಕೆ ಹೆಜ್ಜಾರ್ಲೆ ರಾಜ್ಯಪಕ್ಷಿ. 1960ರ ದಶಕದಲ್ಲಿ ಅಲ್ಲಿ ಒಂದೂ ಉಳಿಯದೆ ಫ್ಲಾರಿಡಾದಿಂದ ಮರಿಗಳನ್ನು ತಂದು ಬಿಡಬೇಕಾಯಿತು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. 2009ರಲ್ಲಿ ಕಂದು ಹೆಜ್ಜಾರ್ಲೆಯ ಹೆಸರು ಅಳಿವಿನ ಅಂಚಿನ ಪಟ್ಟಿಯಿಂದ ಪೂರ್ತಿಯಾಗಿ ಹೊರಬಂತು. ಗರಿಯ ಶೋಕಿ, ದೊಣ್ಣೆ, ಡಿಡಿಟಿ, ಇಷ್ಟೆಲ್ಲ ದಾಟಿ ಬಂದ ಹಕ್ಕಿಗೆ ಈಗ ಮೂರು ಮಾರು ದಾರದ ಭಯ.

ಇಂಗ್ಲೆಂಡಿನ ಹಂಸಗಳದೂ ಇಂಥದೇ ಕಥೆ. ಅಲ್ಲಿ ಕೊಂದದ್ದು ಕೊಕ್ಕೆಗಿಂತ ಹೆಚ್ಚಾಗಿ ಗಾಳವನ್ನು ಮುಳುಗಿಸುವ ಸೀಸದ ಗುಂಡು. ಹಕ್ಕಿಗಳಿಗೆ ಹಲ್ಲಿಲ್ಲ ಎಂದು ನೀವು ಓದಿದ್ದೀರಿ. ಅವು ಚಿಕ್ಕ ಕಲ್ಲುಗಳನ್ನು ನುಂಗಿ, ಹೊಟ್ಟೆಯ ಒಂದು ಗಟ್ಟಿ ಚೀಲದಲ್ಲಿ ಆಹಾರವನ್ನು ಅರೆಯುತ್ತವೆ. ನದಿಯ ತಳದಲ್ಲಿ ಬಿದ್ದ ಸೀಸದ ಗುಂಡನ್ನೂ ಹಂಸಗಳು ಕಲ್ಲೆಂದೇ ನುಂಗಿದವು. ಬೀಸುಕಲ್ಲಿನಲ್ಲಿ ಸೀಸ ನುಣ್ಣಗೆ ಅರೆದು ರಕ್ತಕ್ಕೆ ಸೇರಿತು. ಉದ್ದ ಕತ್ತು ಎತ್ತಲಾಗದೆ, ಬೆನ್ನ ಮೇಲೆ ಮಡಿಸಿಟ್ಟುಕೊಂಡು ಹಂಸಗಳು ಥೇಮ್ಸ್ ನದಿಯಲ್ಲಿ ತೇಲುತ್ತಾ ಸತ್ತವು. 1987ರಲ್ಲಿ 0.06 ಗ್ರಾಮಿನಿಂದ 28.35 ಗ್ರಾಮಿನವರೆಗಿನ ಸೀಸದ ಗುಂಡುಗಳ ಮಾರಾಟ ನಿಂತಿತು. ಗಾಳಗಾರರು ಟಂಗ್‌ಸ್ಟನ್‌ನಂಥ ಬೇರೆ ಲೋಹಗಳ ತೂಕಕ್ಕೆ ಒಗ್ಗಿಕೊಂಡರು, ಹಂಸಗಳ ಸಂಖ್ಯೆ ಮತ್ತೆ ಏರಿತು. ಮೀನು ಹಿಡಿಯುವುದು ಮಾತ್ರ ಯಾರಿಗೂ ತಪ್ಪಲಿಲ್ಲ.

ನಮ್ಮ ಕೆರೆಯ ದಂಡೆಯಲ್ಲಿ

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋದವರಿಗೆ ಗೊತ್ತು. ಅಲ್ಲಿ ಮನೆಗಳ ನಡುವಿನ ಮರಗಳಲ್ಲೇ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ. ಹೆರಿಗೆಗೆ ತವರಿಗೆ ಬಂದ ಮಗಳೆಂದೇ ಊರವರು ಅದನ್ನು ನೋಡುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಮೀನು ತಿನ್ನಿಸಿ ಸಾಕಿ ಹಾರಲು ಬಿಡುತ್ತದೆ. ಊರೊಳಗೆ ಇಷ್ಟು ಅಕ್ಕರೆ ಪಡೆದ ಹಕ್ಕಿ ಹೊಟ್ಟೆ ಹೊರೆಯಲು ಹೋಗುವುದು ಸುತ್ತಲಿನ ಕೆರೆ ಹೊಳೆಗಳಿಗೆ. ಅಲ್ಲಿ ಯಾರು ಯಾವ ದಾರ ಬಿಟ್ಟು ಹೋಗಿರುತ್ತಾರೋ!

ಕಳೆದ ವರ್ಷ ಶಾಲೆಯ ಇಪ್ಪತ್ತೆರಡು ಮಕ್ಕಳೊಂದಿಗೆ ನಮ್ಮ ಕೆರೆಯ ಏರಿಯ ಮೇಲೆ ಒಂದು ಭಾನುವಾರ ನಡೆದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಬಿದ್ದ ದಾರವನ್ನೆಲ್ಲ ಆರಿಸಿದೆವು. ಮೊದಲ ದಿನವೇ ಅರ್ಧ ಕಿಲೋಗೆ ಹತ್ತಿರ ಬಂತು. ಒಂಬತ್ತು ಕೊಕ್ಕೆಗಳು ಸಿಕ್ಕಿದವು. ಫ್ಲಾರಿಡಾದ ಗಾಳದ ಕಟ್ಟೆಗಳಲ್ಲಿ ಹಳೆಯ ದಾರ ಹಾಕಲು ಬಾಗಿದ ಪಿವಿಸಿ ಕೊಳವೆಗಳನ್ನು ನೆಟ್ಟಿರುತ್ತಾರೆ. ನಾವೂ ಪಂಪ್‌ಸೆಟ್ಟಿನ ಒಂದು ಹಳೆಯ ಕೊಳವೆಯನ್ನು ತೂಬಿನ ಕಂಬಕ್ಕೆ ಕಟ್ಟಿದೆವು. ಮೊದಲ ತಿಂಗಳು ಅದರಲ್ಲಿ ಬಿದ್ದದ್ದು ಗುಟ್ಕಾ ಪೊಟ್ಟಣ. ಮೂರನೆಯ ತಿಂಗಳಿಂದ ದಾರವೂ ಬೀಳುತ್ತಿದೆ.

ತಂದೆತಾಯಿಗಳಲ್ಲಿ ಒಂದು ಬಿನ್ನಹ. ಗಾಯಗೊಂಡ ಹಕ್ಕಿಯನ್ನು ಮಕ್ಕಳು ಒಬ್ಬರೇ ಹಿಡಿಯಲು ಬಿಡಬೇಡಿ. ಬಕ, ಹಾವಕ್ಕಿ, ನೀರುಕಾಗೆಗಳು ನೇರವಾಗಿ ಕಣ್ಣಿಗೇ ಕುಕ್ಕುತ್ತವೆ. ದೊಡ್ಡವರಾದರೂ ಕನ್ನಡಕ ಹಾಕಿಕೊಳ್ಳಬೇಕು, ಇಬ್ಬರಿರಬೇಕು. ಕೊಕ್ಕೆ ನುಂಗಿದ ಹಕ್ಕಿಯನ್ನು ಪಶುವೈದ್ಯರಿಗೆ ತೋರಿಸಿ, ಅರಣ್ಯ ಇಲಾಖೆಗೆ ತಿಳಿಸಿ. ಕರುಣೆಯೆಂದು ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕಿಕೊಳ್ಳುವುದಕ್ಕೆ 1972ರ ವನ್ಯಜೀವಿ ಕಾಯಿದೆ ಒಪ್ಪುವುದಿಲ್ಲ. ಇನ್ನೊಂದು, ಮೀನು ಸ್ವಚ್ಛ ಮಾಡಿದ ಮೇಲೆ ತಲೆ ಮೂಳೆಗಳನ್ನು ಹಕ್ಕಿಗಳಿಗೆ ಎಸೆಯುವ ಅಭ್ಯಾಸ ಬೇಡ. ಇಡೀ ಮೀನು ನುಂಗುವ ಹೆಜ್ಜಾರ್ಲೆಗೆ ಬಿಡಿಸಿದ ಮುಳ್ಳು ಗಂಟಲಲ್ಲಿ ಚುಚ್ಚುತ್ತದೆ. ಬಿಟ್ಟಿ ಊಟಕ್ಕೆ ಒಗ್ಗಿದ ಹಕ್ಕಿ ಗಾಳದ ಹತ್ತಿರವೇ ಸುಳಿಯುತ್ತದೆ.

ಚಿಕ್ಕಪ್ಪನಿಗೆ ಈಗ ಎಂಬತ್ತು ದಾಟಿದೆ. ಅಮೆರಿಕದಿಂದ ಬಂದವನು ಮೊದಲು ಅವರ ಮುಂದೆ ಕೂತು ಆ ಮುದುಕರ ಕಥೆ ಹೇಳಿದೆ. ಬಲೆ, ಟವೆಲ್ಲು, ಕೊಕ್ಕಿನ ನಡುವೆ ತೂರಿಸಿದ ಬೆರಳು, ಎಲ್ಲವನ್ನೂ ಎರಡೆರಡು ಸಲ ಕೇಳಿಸಿಕೊಂಡರು. ಬಹಳ ಹೊತ್ತಿನ ಮೇಲೆ, ‘ಆಗ ನಮ್ಮ ಹತ್ತಿರ ಇಕ್ಕಳ ಎಲ್ಲಿತ್ತೋ?’ ಎಂದರು. ತೂಬಿನ ಪಕ್ಕದ ಪಂಪ್‌ಹೌಸಿನಲ್ಲಿ ಒಂದಿತ್ತು. ಅದು ಇಬ್ಬರಿಗೂ ನೆನಪಿತ್ತು.